ಎಲ್ಡರ್ ಸ್ಕ್ರೋಲ್ಸ್ ಆಟಮಾಲೆಯಲ್ಲಿ ಹೊಸಬನ ಸ್ಥಾನ

ವಿಡಿಯೊ ಆಟವು ವಿಮರ್ಶೆಗೆ ತಕ್ಕ ವಸ್ತುವೇ ಅಲ್ಲವೇ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕಾದಂಬರಿಗೆ ಕೊಡುವಷ್ಟು ಹೊತ್ತನ್ನು ಇಂತಹ ಆಟಗಳಿಗೆ ಕೊಡುವವರುಂಟು; ಕಥೆಯೆಂದರೇನು, ನಾಯಕನೆಂದರಾರು ಎಂಬ ಅವರ ಕಲ್ಪನೆ ಬಹುಮಟ್ಟಿಗೆ ಅಲ್ಲಿಯೇ ರೂಪುಗೊಳ್ಳುತ್ತಿದೆ. ಆದುದರಿಂದ ಆ ಕಲೆಯ ಒಳಗಣ ಪ್ರಶ್ನೆಯೊಂದನ್ನೇ ನೇರವಾಗಿ ಹಿಡಿಯುವುದು ಲೇಸು. ಹಲವು ವರ್ಷಗಳಿಂದ ಬೆಳೆದುಬಂದ ಆಟಮಾಲೆಗೆ ಹೊಸದಾಗಿ ಬರುವವನು ಎಲ್ಲಿಂದ ಆರಂಭಿಸಬೇಕು? ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಉತ್ತರ, ಕಡೆಯದರಿಂದ ಎಂದು. ಅದು ಸುಲಭ, ಸುಂದರ, ಹೊಸಬನನ್ನು ಕೈಹಿಡಿದು ನಡೆಸುತ್ತದೆ. ಎಲ್ಡರ್ ಸ್ಕ್ರೋಲ್ಸ್ ಎಂಬ ಮಾಲೆಯ ಮಟ್ಟಿಗೆ ಈ ಉತ್ತರ ಸರಿಯಲ್ಲವೆಂದೂ, ಹೊಸಬನ ಅಜ್ಞಾನವೇ ಅಲ್ಲಿ ರಸದ ಮೂಲವೆಂದೂ, ಆ ಅಜ್ಞಾನವನ್ನು ಗೌರವಿಸಿದ ಕೃತಿ ಮೂರನೆಯದಾದ ಮಾರೋವಿಂಡ್ ಎಂದೂ ನಮ್ಮ ಅಭಿಪ್ರಾಯ.

ಮಾಲೆಯ ಪೂರ್ವಕಥೆ ಸಂಕ್ಷಿಪ್ತವಾಗಿ ಇಷ್ಟು: ಅಮೆರಿಕದ ಮೇರಿಲೆಂಡಿನ ಬೆಥೆಸ್ಡಾ ಸಂಸ್ಥೆ ೧೯೯೪ರಲ್ಲಿ ಅರೀನಾ ಎಂಬುದನ್ನೂ ೧೯೯೬ರಲ್ಲಿ ಡ್ಯಾಗರ್‌ಫಾಲ್ ಎಂಬುದನ್ನೂ ಹೊರತಂದಿತು. ೨೦೦೨ರಲ್ಲಿ ಮಾರೋವಿಂಡ್, ೨೦೦೬ರಲ್ಲಿ ಆಬ್ಲಿವಿಯನ್, ೨೦೧೧ರಲ್ಲಿ ಸ್ಕೈರಿಮ್ ಬಂದವು. ಇವೆಲ್ಲವೂ ಟ್ಯಾಮ್ರಿಯಲ್ ಎಂಬ ಒಂದೇ ಕಲ್ಪಿತ ಭೂಖಂಡದ ಬೇರೆ ಬೇರೆ ಸೀಮೆಗಳಲ್ಲಿ ನಡೆಯುತ್ತವೆ. ಈ ಐದರಲ್ಲಿ ಡ್ಯಾಗರ್‌ಫಾಲ್ ಒಂದನ್ನು ಬಿಟ್ಟರೆ ಉಳಿದ ನಾಲ್ಕರಲ್ಲಿಯೂ ನಾಯಕನು ಸೆರೆಯಾಳಾಗಿಯೇ ಕಣ್ಣಿಗೆ ಬೀಳುತ್ತಾನೆ. ಅವನು ಮಾಡಿದ ಅಪರಾಧವೇನೆಂದು ಯಾರೂ ಹೇಳುವುದಿಲ್ಲ. ಹೆಣ್ಣೋ ಗಂಡೋ, ಯಾವ ಕುಲ, ಯಾವ ಕಸುಬು ಎಂಬುದೆಲ್ಲ ಆಟಗಾರನ ಆಯ್ಕೆ. ಪೂರ್ವಾಪರವಿಲ್ಲದ ಈ ಸೆರೆಯಾಳಿಗೂ ಆಟವನ್ನು ಈಗತಾನೆ ತೆರೆದ ಹೊಸಬನಿಗೂ ಭೇದವೇ ಇಲ್ಲ. ಇಬ್ಬರೂ ಏನೂ ಅರಿಯದವರು.

ಮಾರೋವಿಂಡ್‌ನಲ್ಲಿ ಈ ಸಾಮ್ಯವು ಕೇವಲ ಆರಂಭದ ಉಪಾಯವಾಗಿ ಉಳಿಯುವುದಿಲ್ಲ. ಸೆರೆಯ ಹಡಗು ಸೈಡಾ ನೀನ್ ಎಂಬ ಜೌಗು ನೆಲದ ಬಂದರಿಗೆ ಬಂದು ನಿಲ್ಲುತ್ತದೆ. ಜನಗಣತಿ ಮತ್ತು ಸುಂಕದ ಕಚೇರಿಯಲ್ಲಿ ಗುಮಾಸ್ತನೊಬ್ಬ ಕಸುಬು, ಜನ್ಮನಕ್ಷತ್ರಗಳನ್ನು ಕೇಳಿ ಕಾಗದದಲ್ಲಿ ಬರೆದುಕೊಳ್ಳುತ್ತಾನೆ. ಪಾತ್ರಸೃಷ್ಟಿಯೆಂಬ ಯಾಂತ್ರಿಕ ವಿಧಿಯನ್ನು ಕಚೇರಿಯ ದಾಖಲೆಯಾಗಿ ಮಾಡಿರುವುದು ಸೊಗಸಾದ ಕಲ್ಪನೆ. ಬಾಲ್ಮೋರಾ ಎಂಬ ಊರಿನಲ್ಲಿರುವ ಕೇಯಸ್ ಕೊಸಾಡೀಸ್ ಎಂಬವನಿಗೆ ಒಂದು ಲಕೋಟೆಯನ್ನು ತಲುಪಿಸೆಂಬ ಅಪ್ಪಣೆಯೊಡನೆ ಸೆರೆಯಾಳನ್ನು ಬಾಗಿಲಾಚೆ ಬಿಡುತ್ತಾರೆ. ಅಲ್ಲಿಂದ ಮುಂದೆ ಯಾರ ಸಹಾಯವೂ ಇಲ್ಲ. ಬಾಲ್ಮೋರಾ ಎಲ್ಲಿದೆಯೆಂದು ಊರವರನ್ನು ಕೇಳಬೇಕು. ನಡೆಯಬೇಕು, ಇಲ್ಲವೇ ಹಣ ಕೊಟ್ಟು ಮನೆಗಿಂತ ಎತ್ತರವಾದ ಕೀಟವೊಂದರ ಬೆನ್ನೇರಿ ಪಯಣಿಸಬೇಕು. ಆ ನಾಡಿನವರಾದ ಡನ್ಮರ್ ಜನ ಅವನನ್ನು ಕರೆಯುವುದು ಪರದೇಶಿಯೆಂದೇ.

ಊರಿನಿಂದ ತುಸುದೂರ ಹೋಗುವಷ್ಟರಲ್ಲಿ ಆಕಾಶದಿಂದ ಒಂದು ಚೀತ್ಕಾರ ಕೇಳಿಬಂದು ಮಂತ್ರವಾದಿಯೊಬ್ಬನು ದಾರಿಯ ಮೇಲೆ ಬಿದ್ದು ಸಾಯುತ್ತಾನೆ. ಹಾರುವ ಮಂತ್ರವೊಂದನ್ನು ಬರೆದ ಸುರುಳಿಗಳು ಅವನ ಬಳಿ ಇವೆ. ಲೋಭಕ್ಕೊಳಗಾದ ಹೊಸಬನು ಅವುಗಳಲ್ಲೊಂದನ್ನು ಓದಿ ನೆಗೆಯುತ್ತಾನೆ. ಗುಡ್ಡಬೆಟ್ಟಗಳನ್ನು ದಾಟಿ ಹಾರುತ್ತಾನೆ. ಇಳಿಯುವ ವಿದ್ಯೆ ಸುರುಳಿಯಲ್ಲಿಲ್ಲವೆಂಬುದು ನೆಲ ಹತ್ತಿರವಾದಾಗ ತಿಳಿಯುತ್ತದೆ. ಈ ಸಣ್ಣ ಪ್ರಸಂಗದಲ್ಲಿ ಹಾಸ್ಯವಿದೆ, ಭಯವಿದೆ. ಎಲ್ಲಕ್ಕೂ ಮಿಗಿಲಾಗಿ ಈ ಲೋಕವು ತನ್ನ ನಿಯಮಗಳನ್ನು ಉಪದೇಶಿಸದೆ ಅನುಭವದಿಂದಲೇ ತಿಳಿಸುತ್ತದೆಂಬ ಭರವಸೆಯಿದೆ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಯೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಮುಂದೇನಿದೆಯೆಂಬುದು ಮೊದಲೇ ತಿಳಿದಿರುವವನಿಗೆ ವಿಸ್ಮಯವೆಲ್ಲಿಂದ ಬರಬೇಕು?

ಹೊಸಬನು ಪಡುವ ಕಷ್ಟಗಳು ಕಡಿಮೆಯೇನಲ್ಲ. ಕತ್ತಿ ಶತ್ರುವಿನ ಮೈಗೆ ತಾಗಿದಂತೆ ಕಣ್ಣಿಗೆ ಕಂಡರೂ ಒಳಗಣ ಲೆಕ್ಕಾಚಾರ ಏಟು ತಪ್ಪಿತೆನ್ನುತ್ತದೆ. ಹಾರಿಬಂದು ಕಾಡುವ ಪಕ್ಷಿಸದೃಶ ಪ್ರಾಣಿಗಳು ತಾಳ್ಮೆಯನ್ನು ತಿಂದುಹಾಕುತ್ತವೆ. ಇವನ್ನೂ ಗುಣವೆಂದು ಸಾಧಿಸುವ ಅಭಿಮಾನಿಗಳುಂಟು. ನಾವು ಆ ಮಟ್ಟಕ್ಕೆ ಹೋಗಲಾರೆವು.

ಸಾಹಿತ್ಯದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಬೇರೊಂದಿದೆ. ಈ ಆಟದೊಳಗೆ ಗ್ರಂಥಗಳಿವೆ. ತೆರೆದು ಓದಬಹುದಾದ ಗ್ರಂಥಗಳು. ಅವು ಒಂದು ಇನ್ನೊಂದನ್ನು ಒಪ್ಪುವುದಿಲ್ಲ. ನೆರೆವರ್ ಎಂಬ ಪ್ರಾಚೀನ ವೀರನು ಹೇಗೆ ಸತ್ತನೆಂಬುದು ಕಥೆಯ ತಿರುಳು. ಯುದ್ಧದಲ್ಲಾದ ಗಾಯಗಳಿಂದ ಸತ್ತನೆಂದು ದೇವಾಲಯದ ಸಂಪ್ರದಾಯ ಹೇಳುತ್ತದೆ. ಆಪ್ತರಾಗಿದ್ದು ಬಳಿಕ ದೇವತೆಗಳಾಗಿ ಮೆರೆದ ಅಲ್ಮಲೆಕ್ಸಿಯಾ, ಸೋಥಾ ಸಿಲ್, ವಿವೆಕ್ ಎಂಬ ಮೂವರೇ ಕೊಂದರೆಂದು ಬೂದಿನೆಲದ ಅಲೆಮಾರಿ ಜನ ನಂಬುತ್ತಾರೆ. ವಿವೆಕ್‌ನನ್ನೇ ಎದುರಿಗೆ ಕಂಡು ಕೇಳಬಹುದು, ಅವನು ಅಲ್ಲಗಳೆಯುತ್ತಾನೆ. ಆದರೆ ಅವನದೆಂದು ಹೇಳುವ ಮೂವತ್ತಾರು ಉಪದೇಶಗಳನ್ನು ಜಾಗ್ರತೆಯಾಗಿ ಓದಿದವನಿಗೆ, ಕೊಲೆಯ ಒಪ್ಪಿಗೆ ಅಲ್ಲಿ ಸಂಕೇತರೂಪದಲ್ಲಿ ಅಡಗಿರುವುದು ಕಾಣುತ್ತದೆ. ಮೈಕೆಲ್ ಕರ್ಕ್‌ಬ್ರೈಡ್ ಬರೆದ ಈ ಉಪದೇಶಗಳು ಮಾಲೆಯ ಬರಹಗಳಲ್ಲಿಯೇ ಅತ್ಯಂತ ಕ್ಲಿಷ್ಟವಾದವು, ಅತ್ಯಂತ ದಿಟ್ಟವಾದವು. ಯಾವ ಪಾಠ ಮೂಲ, ಯಾವುದು ಪ್ರಕ್ಷಿಪ್ತ, ಯಾರ ಹಿತಕ್ಕಾಗಿ ಯಾವುದನ್ನು ತಿದ್ದಿದರು ಎಂದು ಹಸ್ತಪ್ರತಿಗಳ ಮುಂದೆ ಕುಳಿತ ಸಂಪಾದಕನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಆಟಗಾರನು ಕೇಳಬೇಕಾಗುತ್ತದೆ. ತೀರ್ಪನ್ನು ಮಾತ್ರ ಆಟವು ಕೊಡುವುದಿಲ್ಲ.

ನಾಯಕನ ವಿಷಯದಲ್ಲಿಯೂ ಇದೇ ಸಂಶಯವನ್ನು ಕಾಪಾಡಿಕೊಂಡಿದ್ದಾರೆ. ನೆರೆವರನ ಪುನರ್ಜನ್ಮವಾದ ನೆರೆವರೀನ್ ಬರುವನೆಂಬ ಭವಿಷ್ಯವಾಣಿಯುಂಟು. ಆದರೆ ನಿಬಾನಿ ಮೇಸಾ ಎಂಬ ಜ್ಞಾನಿ ಮಹಿಳೆಯು ನಾಯಕನಿಗೆ ಹೇಳುವುದು, ನೀನು ಅವನಲ್ಲ, ಅವನಾಗಬಹುದು ಎಂಬ ಅರ್ಥದ ಮಾತನ್ನು. ಅಜುರಾ ದೇವತೆಯ ಗುಹೆಯಲ್ಲಿ, ಹಿಂದೆ ಇದೇ ಹಾದಿಯಲ್ಲಿ ಬಂದು ಸೋತವರ ಪ್ರೇತಗಳು ಎದುರಾಗುತ್ತವೆ. ಅವರೂ ತಾವೇ ನೆರೆವರೀನ್ ಎಂದು ನಂಬಿದ್ದವರು. ಕಥೆಗೆ ಅವಶ್ಯಕನಾದ ವ್ಯಕ್ತಿಯನ್ನು ಆಟಗಾರನು ಕೊಂದರೆ ಆಟವು ತಡೆಯುವುದಿಲ್ಲ. ಭವಿಷ್ಯದ ಎಳೆ ಕಡಿಯಿತೆಂದು ತಿಳಿಸಿ, ಹಿಂದಕ್ಕೆ ಹೋಗುವುದನ್ನೂ ಕೆಟ್ಟ ಲೋಕದಲ್ಲಿಯೇ ಮುಂದುವರಿಯುವುದನ್ನೂ ಅವನಿಗೇ ಬಿಡುತ್ತದೆ. ಸೋಲು ನಿಜವಾಗಿ ಸಾಧ್ಯವಾದುದರಿಂದಲೇ ಇಲ್ಲಿ ಗೆಲುವಿಗೆ ಬೆಲೆ.

ಆಬ್ಲಿವಿಯನ್‌ನಲ್ಲಿ ಒಂದು ದಿಕ್ಸೂಚಿ ಪರದೆಯ ಮೇಲೆ ಬಂದಿತು. ಹೋಗಬೇಕಾದ ಎಡೆಯನ್ನು ಅದರಲ್ಲಿ ಒಂದು ಗುರುತು ತೋರಿಸುತ್ತದೆ. ನೋಡುವುದಕ್ಕೆ ಅಲ್ಪವಾದ ಸೌಕರ್ಯ. ಆದರೆ ಅದರಿಂದ ಭಾಷೆಯ ಕೆಲಸವೇ ತಪ್ಪಿತು. ಮಾರೋವಿಂಡ್‌ನಲ್ಲಿ ಸೇತುವೆ ದಾಟಿ, ಹೊಳೆಯನ್ನು ಅನುಸರಿಸಿ, ಬಂಡೆಯ ಬಳಿ ತಿರುಗು ಎಂಬ ರೀತಿಯ ಮಾತುಗಳನ್ನು ಓದಿ ನೆಲದ ಮೇಲೆ ಹೊಂದಿಸಿಕೊಳ್ಳಬೇಕಾಗಿತ್ತು. ಸ್ಕೈರಿಮ್‌ನಲ್ಲಿ ಗುರುತನ್ನು ಅಳಿಸಿ ಆಡಿ ನೋಡೋಣವೆಂದರೆ ಅನೇಕ ಕಡೆ ಅದು ಸಾಗುವುದಿಲ್ಲ. ಕೆಲಸ ಒಪ್ಪಿಸುವವರು ದಾರಿಯನ್ನು ಹೇಳುವುದೇ ಇಲ್ಲ. ಕಣ್ಣು ಬೆಟ್ಟದಿಂದ ಸರಿದು ಗುರುತಿನಲ್ಲಿ ನೆಟ್ಟಿತು. ಆಬ್ಲಿವಿಯನ್‌ನಲ್ಲಿ ನಾಯಕನ ಬಲ ಹೆಚ್ಚಿದಂತೆ ಲೋಕದ ಬಲವೂ ಹೆಚ್ಚುತ್ತ, ದಾರಿಗಳ್ಳರೂ ಬೆಲೆಬಾಳುವ ಗಾಜಿನ ಕವಚ ತೊಟ್ಟು ಬರುವುದಂತೂ ನಗೆಗೀಡಾದ ಸಂಗತಿ. ತನಗೆ ಮೀರಿದ ಸ್ಥಳವೊಂದಿದೆಯೆಂಬ ಅಂಜಿಕೆಯೇ ಇಲ್ಲದ ಲೋಕದಲ್ಲಿ ಪಯಣಕ್ಕೆ ಅರ್ಥ ಕಡಿಮೆ.

ಸ್ಕೈರಿಮ್‌ಗೆ ಅನ್ಯಾಯವಾಗಬಾರದು. ಹಿಮಗಿರಿಗಳ ನಡುವಣ ಮೌನ, ಜೆರೆಮಿ ಸೋಲ್ ರಚಿಸಿದ ಸಂಗೀತ, ಯಾವ ಕಾರ್ಯವೂ ಇಲ್ಲದೆ ಸುಮ್ಮನೆ ಅಲೆಯುವ ಸುಖ, ಇವು ಆ ಕೃತಿಯ ನಿಜವಾದ ಸಂಪತ್ತು. ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯೆಂದು ನಿರ್ದೇಶಕ ಟಾಡ್ ಹೊವರ್ಡ್ ೨೦೨೩ರಲ್ಲಿ ಹೇಳಿದರು. ಅಷ್ಟು ಜನ ಸುಮ್ಮನೆ ಮರುಳಾಗುವುದಿಲ್ಲ. ಆದರೆ ಅಲ್ಲಿ ಮೊದಲ ಡ್ರ್ಯಾಗನ್ ಸತ್ತೊಡನೆಯೇ ನಾಯಕನು ಜನ್ಮತಃ ಮಹಾಪುರುಷನೆಂಬುದು ಸಿದ್ಧವಾಗುತ್ತದೆ. ಆಟಗಾರನು ಇನ್ನೂ ಹೊಸಬ. ನಾಯಕನು ಆಗಲೇ ಪುರಾಣಪುರುಷ. ಇಬ್ಬರ ನಡುವೆ ಬಿದ್ದ ಈ ಬಿರುಕನ್ನು ಆಮೇಲೆ ಯಾವ ಪ್ರಕೃತಿಸೌಂದರ್ಯವೂ ಮುಚ್ಚಲಾರದು.

ಇನ್ನು ಅಭಿಮಾನಿಯ ವಿಷಯ. ಅವನು ಬಂದವರಿಗೆಲ್ಲ ಮೊದಲು ಕೊಡುವುದು ಪಟ್ಟಿಗಳನ್ನು: ಈ ಕುಲವನ್ನು ಆರಿಸಿಕೊ, ಈ ಆಯುಧ ಇಂಥ ಗುಹೆಯಲ್ಲಿದೆ, ಇದನ್ನು ಮಾಡಬೇಡ. ಉದ್ದೇಶ ಒಳ್ಳೆಯದೇ. ಆದರೆ ತಾನು ಮೊದಲ ಸಲ ಪಡೆದ ಬೆರಗನ್ನು ಇನ್ನೊಬ್ಬನಿಂದ ಕಸಿದುಕೊಳ್ಳುತ್ತಿದ್ದೇನೆಂಬುದು ಅವನಿಗೆ ಹೊಳೆಯುವುದಿಲ್ಲ. ನಾಟಕಕ್ಕೆ ಹೊರಟವನಿಗೆ ಐದನೆಯ ಅಂಕವನ್ನು ಮೊದಲೇ ಹೇಳಿ ಕಳುಹಿಸುವ ಹಿತೈಷಿಗಳಂತೆ ಇವರು. ಕಥಾಲೋಕವನ್ನು ವಿವರಿಸುವ ಅಭಿಮಾನಿಗಳಲ್ಲಿಯೂ ಎರಡು ಬಗೆ: ಡ್ಯಾಗರ್‌ಫಾಲ್ ಹಲವು ರೀತಿಗಳಲ್ಲಿ ಮುಗಿಯಬಹುದಾದ ಆಟವಾಗಿದ್ದು, ಆ ಮುಕ್ತಾಯಗಳೆಲ್ಲ ಏಕಕಾಲದಲ್ಲಿ ನಡೆದವೆಂದು ಮುಂದಿನ ಆಟಗಳು ಹೇಳಿದಾಗ, ಅದನ್ನು ಒಗಟಾಗಿಯೇ ಸವಿಯುವವರು ಕೆಲವರು; ಸಮಾಧಾನವಿಲ್ಲದೆ ಏಕೈಕ ಸತ್ಯವನ್ನು ಗೊತ್ತುಮಾಡಹೊರಡುವವರು ಕೆಲವರು. ಹೊಸಬನಿಗೆ ಮೊದಲನೆಯವರ ಸಹವಾಸ ಮೇಲು.

ಅಭಿಮಾನದ ಮತ್ತೊಂದು ಮುಖ ನಿಜವಾಗಿ ಶ್ಲಾಘ್ಯವಾದುದು. ೨೦೦೨ರ ಮಾರೋವಿಂಡ್ ಆ ಸೀಮೆಯ ಒಂದು ದ್ವೀಪವನ್ನು ಮಾತ್ರ ಚಿತ್ರಿಸಿತ್ತು. ಉಳಿದ ಮುಖ್ಯಭೂಮಿಯನ್ನು ಟ್ಯಾಮ್ರಿಯಲ್ ರೀಬಿಲ್ಟ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಎರಡು ದಶಕಗಳಿಗೂ ಮೀರಿ, ಸಂಬಳವಿಲ್ಲದೆ, ಭಾಗಭಾಗವಾಗಿ ಕಟ್ಟಿ ಹಂಚುತ್ತ ಬಂದಿದ್ದಾರೆ. ಆಬ್ಲಿವಿಯನ್ ೨೦೨೫ರಲ್ಲಿ ಹೊಸ ಬಣ್ಣದೊಡನೆ ಮರಳಿ ಬಂದಿತು, ದಿಕ್ಸೂಚಿಯ ಗುರುತೂ ಅದರೊಡನೆ ಬಂದಿತು. ಸ್ವಯಂಸೇವಕರು ಕಟ್ಟುತ್ತಿರುವ ಆ ನಾಡಿನಲ್ಲಾದರೋ ಇಂದಿಗೂ ಗುರುತಿಲ್ಲ. ಪಯಣಿಗನು ಊರವರನ್ನು ಕೇಳಿಕೊಂಡೇ ಹೋಗಬೇಕು.