ಗಾಳಿ ಹೊಕ್ಕಿದ್ದೆಲ್ಲಿಂದ?

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ತೊಗರಿ ಲಾರಿ ಬ್ರೇಕ್ ಹಾಕಿ ‘ಪುಸ್’ ಎನ್ನುತ್ತದಲ್ಲ, ಅದರ ಬ್ರೇಕಿಗೆ ಗಾಳಿಯೇ ಜೀವ. ಹಿಂದೆ ಬರುವ ನಮ್ಮ ಕಾರಿಗೆ ಅದೇ ಗಾಳಿ ವೈರಿ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ಕೂತರೆ ಕಾಲಿನ ಬಲ ಚಕ್ರ ಮುಟ್ಟುವ ಮೊದಲೇ ಖರ್ಚಾಗುತ್ತದೆ.

ಇಷ್ಟು ಗೊತ್ತಿದ್ದವರೂ ಪೆಡಲ್ ಸರಿಯಿಲ್ಲ ಎನಿಸಿದ ಕೂಡಲೇ ಪಾನಾ ಹಿಡಿದು ಗಾಳಿ ತೆಗೆಯುವ ನಿಪ್ಪಲ್ ಬಿಚ್ಚುತ್ತಾರೆ. ನನ್ನ ತಕರಾರು ಇಲ್ಲಿಯೇ. ಆಯಿಲ್ ಬದಲಿಸಿಲ್ಲ, ಏನನ್ನೂ ಬಿಚ್ಚಿಲ್ಲ, ಆದರೂ ಗಾಳಿ ಸೇರಿದೆ ಎಂದರೆ ಎಲ್ಲೋ ದಾರಿ ಬಿದ್ದಿದೆ. ಅದನ್ನು ಹುಡುಕದೆ ಗಾಳಿ ತೆಗೆದರೆ ಮುಂದಿನ ತಿಂಗಳು ಮತ್ತೆ ಅದೇ ಕೆಲಸ.

ಮೊದಲು ಕಾಲಿಗೆ ಕೇಳಿ. ತುಳಿದಷ್ಟೂ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ. ಮೊದಲ ಸಲ ಆಳಕ್ಕೆ ಹೋಗಿ, ಎರಡನೆಯ ಸಲ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ಮಿನ ಶೂ ಸವೆದಿರಬಹುದು, ಅಡ್ಜಸ್ಟ್ ಮಾಡಿಸಿ. ಹಿಡಿದಿಟ್ಟಾಗ ಮೆಲ್ಲಗೆ ಕೆಳಗಿಳಿಯುತ್ತಿದ್ದು, ಹೊರಗೆಲ್ಲೂ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಸೋತಿದೆ. ಪೆಡಲ್ ಬಿಗಿಯಾಗಿ ಕಾಲಿಗೆ ಬಗ್ಗದಿದ್ದರೆ ಬೂಸ್ಟರಿನ ವ್ಯಾಕ್ಯೂಮ್ ನೋಡಬೇಕು: ಇಂಜಿನ್ ನಿಲ್ಲಿಸಿ ನಾಲ್ಕಾರು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಇಳಿದರೆ ಬೂಸ್ಟರ್ ಬದುಕಿದೆ. ಈ ಕೊನೆಯ ಮೂರಕ್ಕೂ ಗಾಳಿ ತೆಗೆಯುವುದು, ಅಂದರೆ ಬ್ಲೀಡಿಂಗ್, ಮದ್ದಲ್ಲ.

ಸೋರಿಕೆ ಪತ್ತೆಗೆ ನಮ್ಮ ಅಂಗಳದ ಶಹಾಬಾದ್ ಫರಸಿ ಒಳ್ಳೆಯದು, ಹನಿ ಬಿದ್ದರೆ ಕಣ್ಣಿಗೆ ಬೀಳುತ್ತದೆ. ಚಕ್ರದ ಒಳಮೈ ಒದ್ದೆಯಿದೆಯೇ ನೋಡಿ. ಜಾಕ್ ಮಾತ್ರ ನೇರ ಫರಸಿಯ ಮೇಲಿಡಬೇಡಿ, ಸೀಳೀತು. ಕೆಳಗೆ ದಪ್ಪ ಹಲಗೆ, ಚಕ್ರಗಳಿಗೆ ಇಟ್ಟಿಗೆ, ಕಾರಿನ ಭಾರಕ್ಕೆ ಸ್ಟ್ಯಾಂಡ್ ಇರಲಿ.

ಬ್ರೇಕ್ ಕಾದು ಕೈಕೊಟ್ಟರೆ ಜನ ಕಲಬುರಗಿಯ ಬಿಸಿಲನ್ನು ಬೈಯುತ್ತಾರೆ. ಬಿಸಿಲು ಎಷ್ಟು ಕಾದರೂ ನಲವತ್ತೈದರ ಆಸುಪಾಸು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ. ಅದೇ ಆಯಿಲ್ ತೇವ ಹೀರಿ ನೀರಿನ ಪಾಲು ಶೇ. 3.7ರಷ್ಟಾದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಾಗಾಗಿ ಹೋದ ವರ್ಷ ಒಡೆದ ಡಬ್ಬಿ ಬೇಡ. ಗಾಳಿ ತೆಗೆಯುವಾಗ ಬಾಟಲಿಗೆ ಇಳಿದ ಆಯಿಲನ್ನು ಮತ್ತೆ ಸುರಿಯುವ ಜಿಪುಣತನವಂತೂ ಬೇಡವೇ ಬೇಡ.

ಕೆಲಸಕ್ಕೆ ಇಬ್ಬರು ಬೇಕು. ನಿಪ್ಪಲ್ಲಿಗೆ ಪಾರದರ್ಶಕ ಪೈಪು, ಅದರ ತುದಿ ತುಸು ಆಯಿಲ್ ಇರುವ ಬಾಟಲಿಯೊಳಗೆ. ‘ಒತ್ತು ತಮ್ಮಾ.’ ‘ಹಿಡಿದೀನ್ರಿ.’ ಆಗ ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಗುಳ್ಳೆ ಹೊರಟ ಮೇಲೆ ಬಿಗಿಮಾಡಿ. ಆಮೇಲೆಯೇ ‘ಬಿಡು’. ಈ ಮಾತು ಹಿಂದುಮುಂದಾದರೆ ಗಾಳಿ ಮತ್ತೆ ಒಳಗೆ. ಹಳೇ ಕಾರಾದರೆ ಪೆಡಲ್ ಕೆಳಗೊಂದು ಮರದ ತುಂಡು ಇಡಿ; ತಳದವರೆಗೆ ತುಳಿದರೆ ಎಂದೂ ಓಡಾಡದ, ಕಿಲುಬು ಹಿಡಿದ ಜಾಗಕ್ಕೆ ಸೀಲ್ ಹೋಗಿ ಹರಿಯುತ್ತದೆ. ಮೇಲಿನ ಡಬ್ಬಿ ಬರಿದಾಗಲು ಬಿಡಬೇಡಿ. ಹಿಂದಿನ ಎಡಚಕ್ರದಿಂದ ಶುರುಮಾಡುವುದು ವಾಡಿಕೆ, ಆದರೆ ಕಂಪನಿಯ ಪುಸ್ತಕ ಬೇರೆ ಕ್ರಮ ಹೇಳಿದರೆ ಅದೇ ಸರಿ. ಎಬಿಎಸ್ ಘಟಕಕ್ಕೇ ಗಾಳಿ ಹೊಕ್ಕಿದ್ದರೆ ಹಲವು ಕಾರುಗಳಿಗೆ ಸ್ಕ್ಯಾನರ್ ಬೇಕು, ಅದು ಮನೆಗೆಲಸವಲ್ಲ.

ಪರೀಕ್ಷೆ ಮೊದಲು ಅಂಗಳದಲ್ಲಿ, ಆಮೇಲೆ ಓಣಿಯಲ್ಲಿ. ಎಲ್ಲ ಸರಿ ಎನಿಸಿದರೆ ಕಮಲಾಪುರಕ್ಕೆ ಹೊರಡಿ. ಅಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುವ ಮೊದಲು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಯ್ದು ನೋಡಿ, ಮುಟ್ಟಬೇಡಿ. ಮುಂದಿನವು ಹೆಚ್ಚು ಕಾಯುವುದು ಸಹಜ. ಎಡ–ಬಲದಲ್ಲಿ ಒಂದೇ ಅತಿಯಾಗಿ ಕಾದಿದ್ದರೆ ಪಿಸ್ಟನ್ ಹಿಡಿದಿರಬಹುದು, ಇಲ್ಲವೇ ರಬ್ಬರ್ ಪೈಪು ಒಳಗೇ ಉಬ್ಬಿರಬಹುದು. ಅದರ ಪಂಚನಾಮೆ ಮುಂದಿನ ವಾರ.