ಆರು ನಾಬ್, ಒಂದೇ ದನಿ

ಫ್ಯೂಚರ್ ತಂಡದ 'ಆ್ಯಸಿಡ್ ಟ್ರ್ಯಾಕ್ಸ್' ಹತ್ತು ನಿಮಿಷಕ್ಕೂ ಮೀರಿದ ಕೃತಿ. ಅದರಲ್ಲಿ ಪಲ್ಲವಿಯಿಲ್ಲ, ಚರಣವಿಲ್ಲ, ಗುನುಗಿಕೊಳ್ಳುವಂಥ ಧಾಟಿಯೂ ಇಲ್ಲ. ಡ್ರಮ್ ಮೆಷಿನ್ ತನ್ನ ಪಾಡಿಗೆ ಪೆಟ್ಟು ಹಾಕುತ್ತಿರುತ್ತದೆ. ಅದರ ಮೇಲೆ ಒಂದು ಪುಟ್ಟ ಸ್ವರಗುಚ್ಛ ಸುತ್ತುತ್ತದೆ. ಮತ್ತೆ ಅದೇ. ಮತ್ತೂ ಅದೇ. ಎರಡನೇ ನಿಮಿಷಕ್ಕೆ 'ಇಷ್ಟೇನಾ?' ಅನ್ನಿಸುವುದು ಸಹಜ. ಅಲ್ಲಿಗೇ ಎದ್ದುಹೋಗಬಾರದು. ಸ್ವರಗಳು ಬದಲಾಗುತ್ತಿಲ್ಲ, ನಿಜ. ಸ್ವರದ ಮೈಬಣ್ಣ ಬದಲಾಗುತ್ತಿದೆ. ತುಟಿ ಕದಲಿಸುತ್ತಾ ಒಂದೇ ಉಸಿರಿನಲ್ಲಿ 'ಊ'ದಿಂದ 'ಆ'ಕ್ಕೆ, 'ಆ'ದಿಂದ 'ಈ'ಗೆ ಹೋದರೆ ಹೇಗೋ ಹಾಗೆ ಅದು ತೆರೆಯುತ್ತದೆ, ಕಿರುಚುತ್ತದೆ, ಪುನಃ ಮುಚ್ಚಿಕೊಳ್ಳುತ್ತದೆ. ಯಾರೋ ನಾಬ್ ತಿರುಗಿಸುತ್ತಿದ್ದಾರೆ, ಅಷ್ಟೇ. ಆ 'ಅಷ್ಟೇ'ಯಲ್ಲಿ ಇರುವುದೆಲ್ಲ ಇದೆ.

ಈ ದನಿ ರೋಲ್ಯಾಂಡ್ ಕಂಪನಿಯ ಟಿಬಿ-303ರದ್ದು. ಜಪಾನಿನ ತಡಾವೊ ಕಿಕುಮೊಟೊ 1980ರ ದಶಕದ ಆರಂಭದಲ್ಲಿ ರೂಪಿಸಿದ, ಬ್ಯಾಟರಿಯಲ್ಲೂ ಓಡುವ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಒಬ್ಬರೇ ಕೂತು ಗಿಟಾರ್ ನುಡಿಸುವವರಿಗೆ ಬೇಸ್ ಗಿಟಾರಿನ ಸಾಥ್ ಕೊಡಲೆಂದು ಮಾಡಿದ್ದು. ಸದ್ದೋ, ಬೇಸ್ ಗಿಟಾರಿನ ಹತ್ತಿರಕ್ಕೂ ಸುಳಿಯದು. ಪ್ರೋಗ್ರಾಂ ಮಾಡುವ ಕ್ರಮವೂ ವಿಚಿತ್ರ: ಮೊದಲು ಸ್ವರಗಳನ್ನಷ್ಟೇ ಒತ್ತಬೇಕು, ಆಮೇಲೆ ಅವುಗಳ ಕಾಲವನ್ನು ಬೇರೆಯಾಗಿ ಕೊಡಬೇಕು. ಅಂದುಕೊಂಡದ್ದೊಂದು, ಬಂದದ್ದೊಂದು. 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಪೆಟ್ಟಿಗೆಗಳು ಹಳೇ ಸಾಮಾನಿನ ಅಂಗಡಿ ಸೇರಿ ಅಗ್ಗವಾದವು. ಶಿಕಾಗೊದಲ್ಲಿ ಹಾಗೆ ಒಂದನ್ನು ಕೊಂಡುತಂದವರು ಸ್ಪ್ಯಾಂಕಿ. ಅವರು, ಡಿಜೆ ಪಿಯರ್ ಮತ್ತು ಹರ್ಬ್ ಜೆ, ಅಂದರೆ ಫ್ಯೂಚರ್ ತಂಡದ ಮೂವರು, ಸೇರಿ ನಾಬ್ ತಿರುವುತ್ತಾ ಮಾಡಿದ ಟೇಪನ್ನು ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ಡಿಜೆ ರಾನ್ ಹಾರ್ಡಿ ನುಡಿಸಿದರು. 1987ರಲ್ಲಿ ಟ್ರ್ಯಾಕ್ಸ್ ರೆಕಾರ್ಡ್ಸ್ ಅದನ್ನು 'ಆ್ಯಸಿಡ್ ಟ್ರ್ಯಾಕ್ಸ್' ಎಂದು ಹೊರತಂದಿತು. ಈ ದನಿಯ ನೃತ್ಯಸಂಗೀತಕ್ಕೇ ಆ್ಯಸಿಡ್ ಹೌಸ್ ಎನ್ನುವುದು.

ಒಳಗೆ ಇರುವುದು ಬಹಳ ಕಡಿಮೆ. ದನಿ ಹುಟ್ಟಿಸಲು ಒಂದೇ ಆಸಿಲೇಟರ್, ಅದನ್ನು ಸೋಸಲು ಒಂದೇ ಫಿಲ್ಟರ್, ಒಮ್ಮೆಗೆ ಒಂದೇ ಸ್ವರ. ಮೇಲೆ ಸಾಲಾಗಿ ಆರು ಪುಟ್ಟ ನಾಬ್. ರುಚಿ ಹತ್ತಿಸುವುದು ಇನ್ನೆರಡು ಸಂಗತಿ: ಸ್ಲೈಡ್ ಮತ್ತು ಆಕ್ಸೆಂಟ್. ಸ್ಲೈಡ್ ಎಂದರೆ ನಮ್ಮ ಜಾರು ಎಂದುಕೊಳ್ಳಬಹುದು. ಆದರೆ ಗಾಯಕರು ಜಾರುವಂತೆ ಇದು ಜಾರುವುದಿಲ್ಲ. ಷಡ್ಜದಿಂದ ರಿಷಭಕ್ಕೆ ಹೋಗಲು ಎಷ್ಟು ಹೊತ್ತೋ ಪಂಚಮಕ್ಕೆ ಹೋಗಲೂ ಅಷ್ಟೇ ಹೊತ್ತು. ಹಾಗಾಗಿ ಹತ್ತಿರದ ಸ್ವರಕ್ಕೆ ಸಾವಕಾಶವಾಗಿ ಒರಗುತ್ತದೆ, ದೂರದ್ದಕ್ಕೆ ಚಂಗನೆ ನೆಗೆಯುತ್ತದೆ. ಆಕ್ಸೆಂಟ್, ಅಂದರೆ ಒತ್ತು, ಇನ್ನೂ ಸೊಗಸು. ಒತ್ತಿನ ಸ್ವರಗಳು ಒಂದರ ಹಿಂದೊಂದು ಬಂದರೆ ಒಳಗಿನ ಕೆಪಾಸಿಟರ್ ಪೂರ್ತಿ ಖಾಲಿಯಾಗಲು ಬಿಡುವೇ ಸಿಗದು; ಉಳಿದ ವಿದ್ಯುತ್ತಿನ ಮೇಲೆ ಹೊಸದು ಸೇರಿ, ಮುಂದಿನ ಒತ್ತು ಹಿಂದಿನದಕ್ಕಿಂತ ಮೇಲೇರುತ್ತದೆ. ಬರೆದಿಟ್ಟ ಸ್ವರಗಳಲ್ಲಿ ಇಲ್ಲದ ಏರು ಕೇಳುವವರ ಕಿವಿಗೆ ಸಿಗುವುದು ಹೀಗೆ. ಇದನ್ನು ತಿಳಿದು ಕೇಳಿದರೆ ಸುಖ ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚೇ ಆಗಿದೆ.

ಇದೇ ಪೆಟ್ಟಿಗೆ ಮುಂಬೈಯಲ್ಲಿ ಇನ್ನೊಂದು ದಾರಿ ಹಿಡಿದಿತ್ತು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಎಚ್‌ಎಂವಿಗೆ ಒಂದು ರೆಕಾರ್ಡ್ ಮಾಡಿದರು. ತಾಳಕ್ಕೆ ಟಿಆರ್-808, ತಳದ ಸ್ವರಕ್ಕೆ 303, ರಾಗಕ್ಕೆ ಜೂಪಿಟರ್-8. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ, 2010ರಲ್ಲಿ ಮರುಬಿಡುಗಡೆಯಾದ ಮೇಲೆ 'ಆ್ಯಸಿಡ್ ಹೌಸ್ ಹುಟ್ಟಿದ್ದೇ ಇಲ್ಲಿ' ಎಂಬ ಗುಲ್ಲು ಎದ್ದಿತು. ಆ ಪಟ್ಟ ಕಟ್ಟುವ ಆತುರ ನನಗಿಲ್ಲ. ಶಿಕಾಗೊದವರಿಗೆ ನಾಬಿನ ತಿರುವೇ ಸಂಗೀತ. ಸಿಂಗ್ ಅವರಿಗೆ 303 ರಾಗದ ಕೆಳಗಿನ ನೆಲ. ಭೈರವದಲ್ಲಿ ಮೇಲೆ ಕೋಮಲ ರಿಷಭ ಹಾದುಹೋಗುವಾಗ ಕೆಳಗೆ 303 ಗುಳುಗುಳು ಮಾಡುತ್ತಾ ಓಡುವುದಿದೆಯಲ್ಲ, ಅದನ್ನು ಕೇಳಲು ಯಾವ ಪಟ್ಟವೂ ಬೇಕಿಲ್ಲ.

ಅಗ್ಗದಲ್ಲಿ ಸಿಕ್ಕಿ ಹೆಸರಾದ 303 ಈಗ ಸಂಗ್ರಹಕಾರರ ದುಬಾರಿ ಸೊತ್ತು. ಅದರ ನಕಲುಗಳು ಮಾತ್ರ ಸೋವಿ. 1997ರಲ್ಲಿ ಬಂದ 'ರೀಬರ್ತ್' ಎಂಬ ಸಾಫ್ಟ್‌ವೇರ್ ಆ ಇಡೀ ಪೆಟ್ಟಿಗೆಯನ್ನು ಕಂಪ್ಯೂಟರಿನ ತೆರೆಗೆ ತಂದಿತು, 2005ರಲ್ಲಿ ಅದನ್ನು ಪುಕ್ಕಟೆ ಹಂಚಿದರು. ಇವತ್ತು ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವ ಉಚಿತ ನಕಲುಗಳು ಹಲವಿವೆ. ಬೇರೆ ನೂರಾರು ದನಿಗಳನ್ನು ಆಮೇಲೆ ಇಳಿಸಿಕೊಳ್ಳಬಹುದು. ಮೊದಲು ಹದಿನಾರು ಹೆಜ್ಜೆಯ ಒಂದು ಆವರ್ತ ಬರೆದು, ಎರಡು ಕಡೆ ಸ್ಲೈಡ್ ಹಾಕಿ, ಫಿಲ್ಟರನ್ನು ಎಷ್ಟು ನಿಧಾನ ತೆರೆಯಲು ಸಾಧ್ಯವೋ ಅಷ್ಟು ನಿಧಾನ ತೆರೆದು ನೋಡಬೇಕು. ಒಂದೇ ತಕರಾರು: ಮೌಸಿನಿಂದ ಒಮ್ಮೆಗೆ ಒಂದೇ ನಾಬ್ ತಿರುಗುತ್ತದೆ. ಈ ದನಿಯ ಮಜಾ ಇರುವುದು ಒಂದು ಕೈ ಫಿಲ್ಟರ್ ತೆರೆಯುವ ಕಟಾಫ್ ಏರಿಸುವಾಗ ಇನ್ನೊಂದು ಕೈ ಕಿರುಚು ತರುವ ರೆಸೊನೆನ್ಸ್ ಇಳಿಸುವುದರಲ್ಲಿ. ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಕಂಪ್ಯೂಟರಿಗೆ ಜೋಡಿಸುವ ನಾಲ್ಕು ನಾಬಿನ ಮಿಡಿ ಕಂಟ್ರೋಲರ್‌ಗೆ ಕೊಟ್ಟ ದುಡ್ಡು ದಂಡವಲ್ಲ.