ಗಿಟ್‌ಹಬ್ ಪೇಜಸ್‌ನಲ್ಲಿ ಕನ್ನಡದ ಬ್ಲಾಗು

ಬ್ಲಾಗು ಶುರು ಮಾಡಬೇಕು, ಎಲ್ಲಿ ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಗಿಟ್‌ಹಬ್ ಪೇಜಸ್ ಎನ್ನುತ್ತೇನೆ; ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಹಬ್ ತಾಣ ವೆಬ್ ಪುಟಗಳಿಗೆ ಬಿಟ್ಟಿಯಾಗಿ ಕೊಡುವ ಜಾಗ ಅದು. ಮೊದಮೊದಲು ತಲೆ ಕೆಡುತ್ತದೆ ಎಂದೂ ಸೇರಿಸುತ್ತೇನೆ.

2008ರ ಕೊನೆಗೆ ಈ ಸೌಲಭ್ಯ ಬಂದಾಗ ಅದರ ಬೆನ್ನಿಗಿದ್ದದ್ದು ಜೆಕಿಲ್ ಎಂಬ ತಂತ್ರಾಂಶ. ಬರೆದವರು ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್. ಯೂಸರ್‌ನೇಮಿಗೆ ಗಿಟ್‌ಹಬ್ ಡಾಟ್ ಐಓ ಸೇರಿಸಿ ಆ ಹೆಸರಿನಲ್ಲಿ ರೆಪೊಸಿಟರಿ, ಅಂದರೆ ಫೈಲುಗಳ ಕೋಶ, ತೆರೆಯಬೇಕು. ಹೆಸರಿನ ಮುಂದೆ ಅಂಡರ್‌ಸ್ಕೋರ್ ಇರುವ ಪೋಸ್ಟ್ಸ್ ಫೋಲ್ಡರಿಗೆ ದಿನಾಂಕದಿಂದ ಶುರುವಾಗುವ ಹೆಸರಿನ ಮಾರ್ಕ್‌ಡೌನ್ ಎಂಬ ಸಾದಾ ಪಠ್ಯದ ಫೈಲು ಹಾಕಿದರೆ ಜೆಕಿಲ್ ಅದನ್ನು ಎಚ್‌ಟಿಎಂಎಲ್ ಪುಟ ಮಾಡಿಕೊಡುತ್ತದೆ. ಡೇಟಾಬೇಸ್ ಬೇಕಿಲ್ಲ, ಬಾಡಿಗೆ ಕಟ್ಟಬೇಕಿಲ್ಲ. ಸೈಟಿಗೆ 1 ಜಿಬಿ ಮಿತಿ ಇದೆ. ಬರೀ ಅಕ್ಷರದ ಬ್ಲಾಗಿಗೆ ಅದು ಜನ್ಮಕ್ಕಾಗುವಷ್ಟು ಜಾಗ.

ಬಿಟ್ಟಿಯಾಗಿ ಸಿಗುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಬರೆದದ್ದೆಲ್ಲ ಸಾದಾ ಪಠ್ಯವಾಗಿ ನಮ್ಮ ಕಂಪ್ಯೂಟರಿನಲ್ಲೂ ಇರುತ್ತದೆ. 2009ರಲ್ಲಿ ಯಾಹೂ ತನ್ನ ಉಚಿತ ವೆಬ್ ಪುಟಗಳ ತಾಣವಾದ ಅಮೆರಿಕದ ಜಿಯೋಸಿಟೀಸನ್ನು ಮುಚ್ಚಿದಾಗ ಎಷ್ಟೋ ಜನರ ಪುಟಗಳು ಅದರೊಂದಿಗೇ ಹೋದವು. ಗಿಟ್‌ಹಬ್ಬೂ 2018ರಲ್ಲಿ ಮೈಕ್ರೋಸಾಫ್ಟಿನ ಕೈಸೇರಿತು. ನಾಳೆ ಅಲ್ಲಿ ಏನೇ ಆದರೂ ಇದೇ ಫೋಲ್ಡರನ್ನು ಗಿಟ್‌ಲ್ಯಾಬಿಗೋ ಬೇರೆ ಸರ್ವರಿಗೋ ಒಯ್ಯಬಹುದು; ಸ್ವಂತ ಡೊಮೈನ್ ಇದ್ದರೆ ಓದುಗರಿಗೆ ವಿಳಾಸವೂ ಬದಲಾಗದು.

ತಲೆ ಕೆಡಿಸುವ ತೊಡಕುಗಳು ಬಂದಿರುವುದು ಪ್ರೋಗ್ರಾಮರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಕಟ್ಟಿರುವುದರಿಂದ. ಫೈಲಿನ ತಲೆಯಲ್ಲಿ ಶೀರ್ಷಿಕೆ ಬರೆಯಬೇಕು. ನಮ್ಮ ಪತ್ರಿಕೆಗಳ ರೂಢಿಯಂತೆ ‘ಮಳೆಗಾಲ: ಕೆಲವು ನೆನಪು’ ಎಂದು ನಡುವೆ ಕೋಲನ್ ಹಾಕಿ, ಇಡೀ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಜೆಕಿಲ್ ಅಲ್ಲೇ ಎಡವುತ್ತದೆ. ಬರುವ ಇಂಗ್ಲಿಷ್ ಸಂದೇಶ ಮ್ಯಾಪಿಂಗ್ ಬಗ್ಗೆ ಮಾತಾಡುತ್ತದೆಯೇ ಹೊರತು ಕೋಲನ್ನಿನ ಹೆಸರೆತ್ತುವುದಿಲ್ಲ. ಕಥೆಗಾರರೊಬ್ಬರು ಇದನ್ನು ಹೇಗೆ ಊಹಿಸಬೇಕು? ಇನ್ನು, ನಸುಕಿನ ಐದಕ್ಕೆ ಅಂದಿನ ದಿನಾಂಕ ಹಾಕಿ ಏರಿಸಿದ ಲೇಖನ ಕಾಣಿಸದೇ ಹೋಗಬಹುದು. ಸರ್ವರಿನ ಯುಟಿಸಿ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿದೆ, ಅಲ್ಲಿ ಇನ್ನೂ ನಿನ್ನೆಯ ರಾತ್ರಿ. ನಾಳೆಯ ದಿನಾಂಕದ್ದನ್ನು ಜೆಕಿಲ್ ತಾನಾಗಿ ಪ್ರಕಟಿಸದು. ಕಾನ್ಫಿಗ್ ಫೈಲಿನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಬರೆದರೆ ಮುಗಿಯಿತು, ಆದರೆ ಅದನ್ನು ಯಾರಾದರೂ ಹೇಳಿಕೊಡಬೇಕು.

ಇನ್ನು ವಿಳಾಸದ ವಿಷಯ. ಇಲ್ಲಿ ಫೈಲಿನ ಹೆಸರೇ ಲಿಂಕಾಗುತ್ತದೆ. ಅದರಲ್ಲಿ ‘ಕನ್ನಡ’ ಎಂದಿದ್ದರೆ, ಲಿಂಕನ್ನು ಕಾಪಿ ಮಾಡಿ ವಾಟ್ಸ್ಯಾಪಿಗೆ ಹಾಕುವಾಗ ಆ ಮೂರಕ್ಷರ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ 45 ಚಿಹ್ನೆಗಳ ಸಾಲಾಗಿಬಿಡಬಹುದು. ಇದು ಗಿಟ್‌ಹಬ್ಬಿನ ತಪ್ಪಲ್ಲ, ವೆಬ್ ವಿಳಾಸಗಳ ನಿಯಮವೇ ಹಾಗಿದೆ. ಆದರೂ ಕನ್ನಡದಲ್ಲೇ ಬರೆಯುವವರು ಹೆಸರಿಡುವಾಗ ಇಂಗ್ಲಿಷ್ ಲಿಪಿಗೆ ಹೊರಳಬೇಕಾಗುವುದು ನನಗೆ ನೋವಿನ ಸಂಗತಿ.

ಇವೆಲ್ಲಕ್ಕಿಂತ ಗಂಭೀರವಾದ ತಕರಾರು ಬೇರೆ. ಉಚಿತ ಖಾತೆಯವರ ಬ್ಲಾಗಿನ ರೆಪೊಸಿಟರಿ ಎಲ್ಲರಿಗೂ ತೆರೆದಿರಲೇಬೇಕು, ಗಿಟ್‌ಹಬ್ಬಿನ ಬುಡದಲ್ಲಿರುವ ಗಿಟ್ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ಕಾಪಿಡುತ್ತದೆ. ಯಾರಿಗೋ ನೋವಾದೀತೆಂದು ನೀವು ಅಳಿಸಿದ ಸಾಲು, ಮರೆತು ಸೇರಿಸಿದ ಫೋನ್ ನಂಬರು, ಎಲ್ಲವೂ ಹಿಸ್ಟರಿಯಲ್ಲಿ ದಿನಾಂಕ ಸಮೇತ ಕೂತಿರುತ್ತವೆ. ಸಾಫ್ಟ್‌ವೇರಿಗೆ ಇದು ವರ. ತನ್ನ ಕರಡನ್ನು ಯಾರಿಗೂ ತೋರಿಸದ ಲೇಖಕನಿಗೆ ಹಾಗಲ್ಲ. ಹಾಗಾಗಿ ಕರಡನ್ನು ರೆಪೊಸಿಟರಿಯ ಹೊರಗೆ ಬೇರೆ ಫೋಲ್ಡರಿನಲ್ಲಿ ತಿದ್ದಿ, ಪೂರ್ತಿ ಒಪ್ಪಿಗೆಯಾದ ಮೇಲಷ್ಟೇ ಒಳಗೆ ತನ್ನಿ.